ಓಡದ ಎತ್ತಿನ ಬಾಲ

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ನಾವೆಲ್ಲ ನೋಡಿದ್ದೇವೆ. ಊರಿಗೆ ನಾಲ್ಕು ಜನ ಇದ್ದೇ ಇರ್ತಾರೆ. ಆದರೆ ಎತ್ತು ಇನ್ನೂ ಕೊಟ್ಟಿಗೆಯಲ್ಲೇ ಇದೆ, ಓಟದ ದಿನ ಗೊತ್ತಾಗಿಲ್ಲ, ಆಗಲೇ ಅದರ ಬಾಲಕ್ಕೆ ಜನ ನೂಕಾಡ್ತಾರೆ ಅಂದ್ರೆ ಏನು ಹೇಳೋದು? ಅಮೆರಿಕದಲ್ಲಿ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ನಡೆಯೋದು ಇದೇ. 2024ರ ನವೆಂಬರ್ 5ಕ್ಕೆ ಅಲ್ಲಿ ಅಧ್ಯಕ್ಷ ಚುನಾವಣೆ ಮುಗಿಯಿತು. ಆ ತಿಂಗಳು ಕಳೆಯುವ ಮೊದಲೇ, 2028ಕ್ಕೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರ ಯಾರಾಗಬೇಕು ಅಂತ ಜನಮತ ಸಮೀಕ್ಷೆಗಳು ಹೊರಬಿದ್ದವು. ಒಬ್ಬನೂ ಅರ್ಜಿ ಹಾಕಿಲ್ಲ. ಒಂದು ಓಟೂ ಬಿದ್ದಿಲ್ಲ. ಮುಂದೆ ಯಾರು, ಹಿಂದೆ ಯಾರು ಅಂತ ಪತ್ರಿಕೆಯಲ್ಲಿ ಪಟ್ಟಿ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ.

ಹೊಲಿಯುವವರು ಹೊಲಿದುಕೊಳ್ಳಲಿ, ನಮಗೇನು ಅಂತ ಬಿಡಬಹುದಿತ್ತು. ಆದರೆ ಈ ಕುಲಾವಿಯನ್ನು ಯಾರ ತಲೆಯ ಅಳತೆಗೆ ಹೊಲಿಯುತ್ತಾರೆ? ಆ ಅಳತೆಗೆ ಬಾರದ ತಲೆಗಳ ಗತಿ ಏನು? ಅಲ್ಲಿನ ಕಪ್ಪು ಜನ ಈ ಪ್ರಶ್ನೆಯನ್ನು ಐವತ್ತು ವರ್ಷಗಳಿಂದ ಕ್ಷೌರದಂಗಡಿಗಳಲ್ಲಿ, ಚರ್ಚುಗಳಲ್ಲಿ, ಅಡುಗೆಮನೆಗಳಲ್ಲಿ ಕೇಳಿಕೊಳ್ಳುತ್ತಿದ್ದಾರೆ. ಅವರ ಆ ಜಗಳವನ್ನು ನಾವು ಓದಬೇಕು. ಬಾಬಾಸಾಹೇಬರು ಓದಿದ್ದು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ. 1946ರಲ್ಲಿ ಅವರು ಕಪ್ಪು ಜನರ ಹಿರಿಯ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದರು, ಅವರಿಂದ ಉತ್ತರವೂ ಬಂತು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅಂತ ಹೆಸರಿಟ್ಟಿದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರರನ್ನು ನೋಡಿ. ಹೆಸರು ತಂದುಕೊಂಡವರು ಅವರ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡೋಣ.

ಮೊದಲ ಬಾಗಿಲು

ಪ್ರೈಮರಿ ಅಂದ್ರೆ ಏನು? ಪಕ್ಷದ ಟಿಕೆಟ್ ಯಾರಿಗೆ ಅಂತ ನಮ್ಮಲ್ಲಿ ದೆಹಲಿಯ ಕೋಣೆಯೊಂದರಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಅದಕ್ಕೂ ಓಟು. ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ಕೆಲವು ಕಡೆ ಮತಗಟ್ಟೆಗೆ ಹೋಗಿ ಹಾಕುವುದು, ಅದು ಪ್ರೈಮರಿ. ಕೆಲವು ಕಡೆ ಊರವರು ಸಭೆ ಸೇರಿ ಎಣಿಸುವುದು, ಅದು ಕಾಕಸ್. ಇದರಲ್ಲಿ ಗೆದ್ದ ಪ್ರತಿನಿಧಿಗಳು ಬೇಸಿಗೆಯಲ್ಲಿ ಪಕ್ಷದ ಮಹಾಧಿವೇಶನಕ್ಕೆ ಹೋಗಿ ಉಮೇದುವಾರನನ್ನು ಆರಿಸುತ್ತಾರೆ. ಕೇಳಲಿಕ್ಕೆ ಚೆನ್ನಾಗಿದೆ. ಕೋಣೆಗಿಂತ ಬಯಲು ವಾಸಿ.

ಆದರೆ ಆ ಬಯಲಿಗೂ ಬೇಲಿ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ಬಹುಕಾಲ ಡೆಮಾಕ್ರಟಿಕ್ ಪಕ್ಷ ಒಂದೇ ಪಕ್ಷ. ಅದರ ಪ್ರೈಮರಿ ಗೆದ್ದವನೇ ಚುನಾವಣೆ ಗೆದ್ದಂತೆ. ಆ ಪ್ರೈಮರಿಯಲ್ಲಿ ಬಿಳಿಯರು ಮಾತ್ರ ಓಟು ಹಾಕಬೇಕು ಅಂತ ನಿಯಮ ಮಾಡಿಕೊಂಡರು. ಯಾಕಪ್ಪಾ ಅಂದ್ರೆ, ಪಕ್ಷ ಅನ್ನೋದು ಖಾಸಗಿ ಸಂಘ, ಯಾರನ್ನು ಸೇರಿಸಬೇಕು ಬಿಡಬೇಕು ಅನ್ನೋದು ನಮ್ಮಿಷ್ಟ ಅಂತ ವಾದ. ಊರ ಕೆರೆ ನಮ್ಮ ಖಾಸಗಿ, ಗುಡಿ ನಮ್ಮ ಖಾಸಗಿ ಅನ್ನುವ ಮಾತಿನ ತಮ್ಮನೇ ಇದು. 1944ರಲ್ಲಿ ಸುಪ್ರೀಂ ಕೋರ್ಟು ಟೆಕ್ಸಾಸಿನ ಮೊಕದ್ದಮೆಯೊಂದರಲ್ಲಿ ಇದನ್ನು ಹೊಡೆದುಹಾಕಿತು. ಆಮೇಲೂ ಬೇರೆ ಬೇರೆ ನೆಪ, ಬೇರೆ ಬೇರೆ ಪರೀಕ್ಷೆ. 1964ರಲ್ಲಿ ಮಿಸ್ಸಿಸಿಪ್ಪಿಯ ಗೇಣಿ ಕೂಲಿಯ ಮಗಳು ಫ್ಯಾನಿ ಲೂ ಹೇಮರ್ ಮತ್ತವರ ಸಂಗಾತಿಗಳು, ನಮ್ಮನ್ನು ಹೊರಗಿಟ್ಟು ಆರಿಸಿದ ಪ್ರತಿನಿಧಿಗಳು ಪ್ರತಿನಿಧಿಗಳೇ ಅಲ್ಲ ಅಂತ ಪಕ್ಷದ ಅಧಿವೇಶನದ ಬಾಗಿಲಿಗೇ ಹೋಗಿ ಕೂತರು. ಪಕ್ಷ ಎರಡು ಕುರ್ಚಿ ಕೊಡ್ತೀನಿ ಅಂತು. ಅವರು ಬೇಡ ಅಂದರು. ಮಾರನೇ ವರ್ಷ, 1965ರಲ್ಲಿ, ಮತದಾನ ಹಕ್ಕಿನ ಕಾಯಿದೆ ಬಂತು.

ಬೇಲಿ ಬಿತ್ತು. ಈಗ ಯಾರೂ ಕಪ್ಪು ಮನುಷ್ಯನನ್ನು ತಡೆದು, ನಿನಗೆ ಓಟಿಲ್ಲ ಅನ್ನುವಂತಿಲ್ಲ. ಆದರೆ, ನಿನ್ನ ಓಟು ನಿನ್ನವನಿಗೆ ಹಾಕಿದರೆ ದಂಡ ಅಂತ ಅವನ ಬಾಯಿಂದಲೇ ಹೇಳಿಸಬಹುದು. ಆ ಕೆಲಸಕ್ಕೆ ಈಗ ಲಾಠಿ ಬೇಡ, ಒಂದು ಸರ್ವೆ ಸಾಕು.

ಕೇಳುವುದು ಮನಸ್ಸನ್ನಲ್ಲ, ಹೆಸರನ್ನು

ಚುನಾವಣೆಗೆ ವಾರ ಇರುವಾಗ ಮಾಡುವ ಸಮೀಕ್ಷೆ ಬೇರೆ, ವರ್ಷ ಇರುವಾಗ ಮಾಡುವ ಸಮೀಕ್ಷೆ ಬೇರೆ. ವಾರ ಇರುವಾಗ ಜನ ಉಮೇದುವಾರರನ್ನು ಕಂಡಿರುತ್ತಾರೆ, ಕೇಳಿರುತ್ತಾರೆ, ಬೈದಿರುತ್ತಾರೆ. ವರ್ಷದ ಮುಂಚೆ ಟೆಲಿಫೋನ್ ಮಾಡಿ ಹತ್ತು ಹೆಸರು ಓದಿದರೆ ಮನುಷ್ಯ ಏನು ಮಾಡ್ತಾನೆ? ಕೇಳಿದ ಹೆಸರು ಹೇಳ್ತಾನೆ. ಅಷ್ಟೇ. ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗನನ್ನು ಮೊದಲ ದಿನವೇ ನಿಲ್ಲಿಸಿ, ಕಾರ್ಯದರ್ಶಿ ಯಾರಾಗಬೇಕು ಅಂತ ಕೇಳಿ ನೋಡಿ. ಹೋದ ವರ್ಷದ ಕಾರ್ಯದರ್ಶಿಯ ಹೆಸರು ಹೇಳ್ತಾನೆ. ಅದನ್ನು ಜನಮತ ಅನ್ನೋದಾದ್ರೆ, ಗೋಡೆಯ ಮೇಲಿನ ಸಿನಿಮಾ ಪೋಸ್ಟರೂ ಜನಮತವೇ.

ಉದಾಹರಣೆಗೆ ಬರವಿಲ್ಲ. 1972ರ ಶುರುವಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮುಂದಿನ ಕುದುರೆ ಎಡ್ಮಂಡ್ ಮಸ್ಕಿ ಅಂತ ಎಲ್ಲರ ಬಾಯಲ್ಲಿ. ಜುಲೈಯಲ್ಲಿ ಉಮೇದುವಾರನಾದದ್ದು ಜಾರ್ಜ್ ಮೆಕ್‌ಗವರ್ನ್. 1975ರ ಸಮೀಕ್ಷೆಗಳಲ್ಲಿ ಜಿಮ್ಮಿ ಕಾರ್ಟರ್ ಲೆಕ್ಕಕ್ಕೇ ಇರಲಿಲ್ಲ, 1976ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದದ್ದು ಆತನೇ. 2003ರ ಶುರುವಿನಲ್ಲಿ ಜೋ ಲೀಬರ್‌ಮನ್ ಮುಂದೆ, ವರ್ಷದ ಕೊನೆಗೆ ಹೋವರ್ಡ್ ಡೀನ್ ಮುಂದೆ, 2004ರಲ್ಲಿ ಗೆದ್ದದ್ದು ಜಾನ್ ಕೆರ್ರಿ. 2007ರ ಬಹುಪಾಲು ರಿಪಬ್ಲಿಕನ್ ಪಕ್ಷದಲ್ಲಿ ರೂಡಿ ಜೂಲಿಯಾನಿಯೇ ಮೊದಲು ಅಂತ ಸಮೀಕ್ಷೆಗಳು ಹೇಳಿದವು. 2008ರಲ್ಲಿ ಆತ ಒಂದು ರಾಜ್ಯವನ್ನೂ ಗೆಲ್ಲಲಿಲ್ಲ.

ಕೆಲವು ಸಲ ಮುಂದಿದ್ದವರೇ ಗೆದ್ದಿದ್ದಾರೆ, ಸುಳ್ಳು ಹೇಳಬಾರದು. ಆದರೆ ಗೆಲ್ಲೋದಕ್ಕೂ ಒಂದು ಕಾರಣ ಇದೆ, ಅದನ್ನು ಮುಚ್ಚಿಡಬಾರದು. ಮುಂದಿದ್ದಾನೆ ಅಂತ ಸುದ್ದಿ ಬಂದರೆ ಚಂದಾ ಬರುತ್ತದೆ. ಚಂದಾ ಬಂದರೆ ಟಿ.ವಿ. ಜಾಹೀರಾತು. ಜಾಹೀರಾತು ಬಂದರೆ ಹೆಸರು. ಹೆಸರು ಬಂದರೆ ಮುಂದಿನ ಸಮೀಕ್ಷೆಯಲ್ಲಿ ಮತ್ತೆ ಮುಂದೆ. ಮಳೆ ಬರುತ್ತೆ ಅಂತ ಹೇಳಿದವನೇ ಮಾಡಿನ ಮೇಲೆ ಕೂತು ನೀರು ಸುರಿದ ಹಾಗೆ.

ಯಾರನ್ನು ಕೇಳುತ್ತಾರೆ ಅನ್ನೋದು ಇನ್ನೊಂದು. 1936ರಲ್ಲಿ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ರೂಸ್‌ವೆಲ್ಟ್ ಸೋಲ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸ ತೆಗೆದದ್ದು ಎಲ್ಲಿಂದ? ಟೆಲಿಫೋನ್ ಪುಸ್ತಕದಿಂದ, ಕಾರು ಇಟ್ಟುಕೊಂಡವರ ಪಟ್ಟಿಯಿಂದ. ಹಸಿದವನ ಮನೆಯಲ್ಲಿ ಆಗ ಟೆಲಿಫೋನ್ ಇರಲಿಲ್ಲ. ಆಮೇಲೆ ವಿಜ್ಞಾನ ಬೆಳೆಯಿತು, ನಿಜ. ಸಾವಿರ ಜನರನ್ನು ಸರಿಯಾಗಿ ಆರಿಸಿ ಕೇಳಿದರೆ ಶೇಕಡ 3ರ ಹೆಚ್ಚುಕಮ್ಮಿಯಲ್ಲಿ ದೇಶದ ಮಾತು ಸಿಗುತ್ತದೆ ಅಂತ ಗಣಿತ ಹೇಳುತ್ತದೆ. ಒಪ್ಪೋಣ. ಆದರೆ ಆ ಸಾವಿರದಲ್ಲಿ ಕಪ್ಪು ಜನ ನೂರೋ ನೂರೈವತ್ತೋ. ನೂರು ಜನರ ಮೇಲೆ ನಿಂತ ಲೆಕ್ಕದಲ್ಲಿ ಹೆಚ್ಚುಕಮ್ಮಿ ಶೇಕಡ 10ರ ಹತ್ತಿರ ಬರುತ್ತದೆ. ಅಂದರೆ 45 ಅಂದದ್ದು 35 ಆಗಿರಬಹುದು, 55 ಆಗಿರಬಹುದು. ಅದರ ಮೇಲೆ 'ಕಪ್ಪು ಮತದಾರರ ಒಲವು ಇತ್ತ' ಅಂತ ದಪ್ಪಕ್ಷರದ ತಲೆಬರಹ! ನಮ್ಮ ಕೇರಿಯ ವಿಷಯಕ್ಕೆ ಬಂದಾಗ ಎಲ್ಲರ ತಕ್ಕಡಿಯೂ ಹೀಗೇ ಸಡಿಲವಾಗುತ್ತದೆ.

ಕಪ್ಪು ಮನುಷ್ಯ ಮುಂದಿದ್ದಾಗ

ಈಗ ನೋಡಿ ತಮಾಷೆ. 1987ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಮುಂಚೂಣಿಯಲ್ಲಿದ್ದ ಗ್ಯಾರಿ ಹಾರ್ಟ್ ಒಂದು ಹೆಣ್ಣಿನ ಪ್ರಕರಣದಲ್ಲಿ ಸಿಕ್ಕಿ ಕಣ ಬಿಟ್ಟರು. ಆಮೇಲೆ ಬಂದ ಹಲವು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಮೊದಲು ನಿಂತದ್ದು ಜೆಸ್ಸಿ ಜಾಕ್ಸನ್. ಕಪ್ಪು ಮನುಷ್ಯ, ಮಾರ್ಟಿನ್ ಲೂಥರ್ ಕಿಂಗ್ ಜೊತೆ ಕೆಲಸ ಮಾಡಿದ ಪಾದ್ರಿ, 1984ರಲ್ಲಿ ಮೊದಲ ಸಲ ನಿಂತು 30 ಲಕ್ಷಕ್ಕೂ ಹೆಚ್ಚು ಓಟು ಪಡೆದವರು. ಆಗ ಪತ್ರಿಕೆಯ ಪಂಡಿತರು ಏನಂದರು? 'ಇದು ಬರೀ ಹೆಸರಿನ ಪರಿಚಯ, ಇದಕ್ಕೆ ಅರ್ಥವಿಲ್ಲ.'

ಅರೇ! ನಾವು ಹೇಳೋದೂ ಅದನ್ನೇ ಅಲ್ಲವೇ? ಮಸ್ಕಿ ಮುಂದಿದ್ದಾಗ ಯಾಕೆ ನೆನಪಾಗಲಿಲ್ಲ? ಅದೇ ವರ್ಷ ಡಿಸೆಂಬರಿನಲ್ಲಿ ಹಾರ್ಟ್ ವಾಪಸ್ ಬಂದರು, ಬಂದ ಕೂಡಲೇ ಸಮೀಕ್ಷೆಯಲ್ಲಿ ಮತ್ತೆ ಮೊದಲು. ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಐಯೋವಾದಲ್ಲಿ ಆತನಿಗೆ ಸಿಕ್ಕಿದ್ದು ಶೇಕಡ ಒಂದಕ್ಕಿಂತ ಕಡಿಮೆ! ಬಿಳಿಯ ಮುಂದಿದ್ದರೆ ಅದು ಜನಬೆಂಬಲ, ಕರಿಯ ಮುಂದಿದ್ದರೆ ಅದು ಪರಿಚಯ. ನಮ್ಮ ಹುಡುಗ ಪರೀಕ್ಷೆಯಲ್ಲಿ ಮೊದಲು ಬಂದರೆ ಪ್ರಶ್ನೆಪತ್ರಿಕೆ ಸುಲಭ ಇತ್ತು ಅನ್ನುತ್ತಾರಲ್ಲ, ಅದೇ ನಾಲಿಗೆ.

ಜಾಕ್ಸನ್ 1988ರಲ್ಲಿ ಸುಮಾರು 70 ಲಕ್ಷ ಓಟು ಪಡೆದರು. ಮಿಶಿಗನ್ ರಾಜ್ಯದ ಕಾಕಸ್ಸನ್ನು ಅರ್ಧಕ್ಕಿಂತ ಹೆಚ್ಚು ಮತದಲ್ಲಿ ಗೆದ್ದರು. ಕಾರು ಕಾರ್ಖಾನೆಯ ಬಿಳಿ ಕೆಲಸಗಾರರೂ ಹಾಕಿದರು. ಕೊನೆಗೆ ಉಮೇದುವಾರನಾದದ್ದು ಮೈಕೆಲ್ ಡುಕಾಕಿಸ್. ಹಾಗಾದರೆ ಆ 70 ಲಕ್ಷ ಓಟು ನೀರುಪಾಲಾಯಿತೇ? ಇಲ್ಲ. ಆ ಓಟುಗಳ ಬಲದಿಂದ ಜಾಕ್ಸನ್ ಪಕ್ಷದ ನಿಯಮ ಬದಲಿಸಿದರು. ಗೆದ್ದವನಿಗೇ ಪ್ರತಿನಿಧಿಗಳ ದೊಡ್ಡ ಗಂಟು ಹೋಗುವ ಪದ್ಧತಿ ತೆಗೆಸಿ, ಓಟಿನ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು ಅಂತ ಮಾಡಿಸಿದರು. ಇಪ್ಪತ್ತು ವರ್ಷದ ಮೇಲೆ ಅದೇ ನಿಯಮದ ಮೇಲೆ ಕಾಲಿಟ್ಟು ಇನ್ನೊಬ್ಬ ಕಪ್ಪು ಮನುಷ್ಯ ಮೇಲೆ ಹತ್ತಿದ. ಸೋಲುವವನಿಗೆ ಹಾಕಿದ ಓಟು ವ್ಯರ್ಥ ಅನ್ನುವವರ ಮುಂದೆ ಈ ಲೆಕ್ಕ ಇಡಿ.

ಕ್ಷೌರದಂಗಡಿಯ ವಾದ

ಆ ಇನ್ನೊಬ್ಬ, ಬರಾಕ್ ಒಬಾಮ. 2007ರ ಫೆಬ್ರವರಿಯಲ್ಲಿ ಇಲಿನಾಯ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ನಾನೂ ಇದ್ದೇನೆ ಅಂತ ಘೋಷಿಸಿದರು. ಎದುರಿಗೆ ಹಿಲರಿ ಕ್ಲಿಂಟನ್. ಗಂಡ ಎಂಟು ವರ್ಷ ಅಧ್ಯಕ್ಷನಾಗಿದ್ದವನು, ಕಪ್ಪು ಜನರ ಕೇರಿಗಳಲ್ಲೂ ಆ ಹೆಸರಿಗೆ ಪ್ರೀತಿ ಇತ್ತು. 2007ರ ಉದ್ದಕ್ಕೂ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಆಕೆಯೇ ಮುಂದೆ. ಅಷ್ಟೇ ಅಲ್ಲ, ಅಕ್ಟೋಬರಿನಲ್ಲಿ ಒಂದು ದೊಡ್ಡ ಟಿ.ವಿ. ಸಂಸ್ಥೆಯ ಸಮೀಕ್ಷೆಯಲ್ಲಿ ಕಪ್ಪು ಡೆಮಾಕ್ರಟರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಆಕೆಯ ಕಡೆ.

ಯಾಕೆ ಹೀಗೆ? ದಕ್ಷಿಣ ಕೆರೊಲಿನಾದ ಕಪ್ಪು ಕೇರಿಗಳ ಕ್ಷೌರದಂಗಡಿಗಳಲ್ಲಿ, ಹೆಂಗಸರ ಕೂದಲಂಗಡಿಗಳಲ್ಲಿ ಆ ವರ್ಷವಿಡೀ ಇದೇ ವಾದ. ಒಬ್ಬರು ಅನ್ನೋರು: ಹುಡುಗ ಒಳ್ಳೆಯವನು, ಆದರೆ ಬಿಳಿಯರು ಹಾಕಲ್ಲ. ಇನ್ನೊಬ್ಬರು: ನಾನು ಹಾಕ್ತೀನಪ್ಪ, ಆದರೆ ಅವರು ಹಾಕದೆ ನಾನು ಹಾಕಿ ಏನು ಪ್ರಯೋಜನ, ಓಟು ಹಾಳು. ಹಿರಿಯ ಹೆಂಗಸರು: ಗೆದ್ದರೆ ಅವನನ್ನು ಬದುಕಲು ಬಿಡ್ತಾರಾ? ಈ ಭಯ ಹುಚ್ಚಲ್ಲ. ಕಿಂಗ್‌ರನ್ನು ಕೊಂದದ್ದು 1968ರಲ್ಲಿ, ನೆನಪು ಹಸಿಯಾಗಿಯೇ ಇತ್ತು. 2007ರ ಮೇ ತಿಂಗಳಲ್ಲೇ, ಮೊದಲ ಓಟಿಗೆ ಎಂಟು ತಿಂಗಳಿರುವಾಗಲೇ, ಸರ್ಕಾರ ಒಬಾಮಗೆ ಸೀಕ್ರೆಟ್ ಸರ್ವಿಸ್ ಕಾವಲು ಕೊಡಬೇಕಾಯಿತು.

ಗೆಳೆಯರೇ, ಆ ವಾದವನ್ನು ಮತ್ತೊಮ್ಮೆ ಕಿವಿಗೊಟ್ಟು ಕೇಳಿ. ಯಾರೂ ಒಬಾಮ ಬೇಡ ಅನ್ನುತ್ತಿಲ್ಲ. ತಮಗೆ ಬೇಕಾದದ್ದನ್ನು ಪಕ್ಕಕ್ಕಿಟ್ಟು, ಬಿಳಿಯರಿಗೆ ಏನು ಬೇಕಿರಬಹುದು ಅಂತ ಊಹಿಸಿ, ಆ ಊಹೆಗೆ ತಮ್ಮ ಓಟು ಕೊಡುತ್ತಿದ್ದಾರೆ. ಆ ಊಹೆಗೆ ಸಾಕ್ಷಿ ಏನು? ಸರ್ವೆ. ಸರ್ವೆಗೆ ಉತ್ತರ ಕೊಟ್ಟವರು ಯಾರು? ಇದೇ ಊಹೆ ಮಾಡುತ್ತಿದ್ದ ಜನ! ಇವರು ಅವರು ಹಾಕಲ್ಲ ಅಂತ ಹಿಂಜರಿದರು, ಇವರ ಹಿಂಜರಿಕೆ ಅಂಕಿಯಾಯಿತು, ಆ ಅಂಕಿ ನೋಡಿ ಇವರು ಮತ್ತಷ್ಟು ಹಿಂಜರಿದರು. ಸಂತೆಗೆ ಹೋಗುವ ದಾರಿ ಗೊತ್ತಿಲ್ಲದ ಇಬ್ಬರು ಒಬ್ಬರ ಹಿಂದೆ ಒಬ್ಬರು ಹೋಗಿ ಊರನ್ನೇ ಸುತ್ತಿದಂತೆ.

2008ರ ಜನವರಿ 3. ಐಯೋವಾ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರಿರುವ ರಾಜ್ಯ. ಒಬಾಮಗೆ ಶೇಕಡ 38, ಎಡ್ವರ್ಡ್ಸ್‌ಗೆ 30, ಕ್ಲಿಂಟನ್‌ಗೆ 29. ಬಿಳಿಯರು ಹಾಕಲ್ಲ ಅನ್ನುವ ಮಾತು ಒಂದೇ ರಾತ್ರಿಯಲ್ಲಿ ಬಿದ್ದುಹೋಯಿತು. ಅದೇ ಟಿ.ವಿ. ಸಂಸ್ಥೆಯ ಜನವರಿ ಸಮೀಕ್ಷೆಯಲ್ಲಿ ಕಪ್ಪು ಡೆಮಾಕ್ರಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಬಾಮ ಕಡೆ. ಜನವರಿ 26ರಂದು ದಕ್ಷಿಣ ಕೆರೊಲಿನಾದಲ್ಲಿ ಒಬಾಮಗೆ 55, ಕ್ಲಿಂಟನ್‌ಗೆ 27. ಕಪ್ಪು ಓಟಿನಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಗಿಲು ಒಬಾಮಗೆ. ಸೆಲ್ಮಾ ಸೇತುವೆಯ ಮೇಲೆ ತಲೆ ಒಡೆಸಿಕೊಂಡಿದ್ದ ಜಾನ್ ಲೂಯಿಸ್‌ರಂಥ ನಾಯಕರೇ 2007ರಲ್ಲಿ ಕ್ಲಿಂಟನ್ ಪರ ನಿಂತಿದ್ದರು, 2008ರ ಫೆಬ್ರವರಿಯಲ್ಲಿ ಈ ಕಡೆ ಬಂದರು. ಜನ ಮುಂದೆ ಹೋದರು, ನಾಯಕರು ಹಿಂದೆ ಓಡಿ ಬಂದರು.

ಇಲ್ಲೇ ಒಂದು ನೋವಿನ ಮುಳ್ಳಿದೆ, ಅದನ್ನೂ ಹೇಳಬೇಕು. ಕಪ್ಪು ಜನಕ್ಕೆ ತಮ್ಮವನನ್ನು ಆರಿಸಿಕೊಳ್ಳಲು ಧೈರ್ಯ ಬಂದದ್ದು ಬಿಳಿಯರ ರಾಜ್ಯವೊಂದು ಅಪ್ಪಣೆ ಕೊಟ್ಟ ಮೇಲೆ. ಐಯೋವಾ ಇಲ್ಲ ಅಂದಿದ್ದರೆ? ಆಗಲೂ ಅವನು ಅದೇ ಮನುಷ್ಯ, ಅದೇ ಯೋಗ್ಯತೆ. ಮೇಲಿನವರು ಮುಟ್ಟಿದ ಮೇಲೆ ಮಾತ್ರ ನಮ್ಮ ನೀರು ನೀರಾಗಬೇಕೇ?

ಐಯೋವಾದ ಐದು ದಿನದ ಮೇಲೆ ಇನ್ನೊಂದು ನಡೆಯಿತು. ನ್ಯೂ ಹ್ಯಾಂಪ್‌ಶೈರಿನಲ್ಲಿ ಒಬಾಮ ಸಲೀಸಾಗಿ ಗೆಲ್ತಾರೆ ಅಂತ ಸಮೀಕ್ಷೆಗಳು ಸಾಲಾಗಿ ಹೇಳಿದವು. ಗೆದ್ದದ್ದು ಕ್ಲಿಂಟನ್. ನಮಗೆ ಅನುಕೂಲವಾದ ಅಂಕಿಯನ್ನೂ ನಂಬಬೇಡಿ ಅನ್ನೋದಕ್ಕೆ ಇದು ಪಾಠ.

ತಾಯಂದಿರ ಲೆಕ್ಕ

ಕೆಲವರು ಕೇಳಬಹುದು: ಗೆಲ್ಲುವವರನ್ನು ನೋಡಿ ಓಟು ಹಾಕೋದು ತಪ್ಪಾ? 2020ರಲ್ಲಿ ಅದೇ ದಕ್ಷಿಣ ಕೆರೊಲಿನಾದ ಕಪ್ಪು ಜನ ಅದನ್ನೇ ಮಾಡಿದರಲ್ಲ? ಜೋ ಬೈಡನ್ ಐಯೋವಾದಲ್ಲಿ ನಾಲ್ಕನೆಯವ, ನ್ಯೂ ಹ್ಯಾಂಪ್‌ಶೈರಿನಲ್ಲಿ ಐದನೆಯವ. ಆತ ಮುಗಿದ ಅಂತ ಪಂಡಿತರು ಬರೆದರು. ಫೆಬ್ರವರಿ 29ರಂದು ದಕ್ಷಿಣ ಕೆರೊಲಿನಾದಲ್ಲಿ ಶೇಕಡ 48ಕ್ಕೂ ಹೆಚ್ಚು ಕೊಟ್ಟು ಎತ್ತಿ ನಿಲ್ಲಿಸಿದ್ದು ಕಪ್ಪು ಮತದಾರರು, ಅದರಲ್ಲೂ ವಯಸ್ಸಾದ ತಾಯಂದಿರು. ಟ್ರಂಪನ್ನು ಇಳಿಸಬೇಕು, ಬಿಳಿಯರು ಯಾರಿಗೆ ಹಾಕ್ತಾರೆ ಅಂತ ನಮಗೆ ಗೊತ್ತು, ಅವರ ಮನೆಯಲ್ಲಿ ದುಡಿದವರು ನಾವು. ಇದು ಅವರ ವಾದ. ನವೆಂಬರಿನಲ್ಲಿ ಬೈಡನ್ ಗೆದ್ದರು.

ಈ ಲೆಕ್ಕವನ್ನು ನಾವು ಹಳಿಯಬಾರದು. ಬದುಕಿ ಉಳಿಯುವ ಜನ ಮಾಡುವ ಲೆಕ್ಕ ಅದು. ಆದರೆ ಒಂದು ಗಮನಿಸಿ. ಆ ತಾಯಂದಿರು ಸಮೀಕ್ಷೆ ನೋಡಿ ಹಾಕಲಿಲ್ಲ. ಎರಡು ಬಿಳಿ ರಾಜ್ಯಗಳ ಫಲಿತಾಂಶ ತಮ್ಮ ಲೆಕ್ಕಕ್ಕೆ ವಿರುದ್ಧವಾಗಿದ್ದರೂ ತಮ್ಮ ಲೆಕ್ಕವನ್ನೇ ಹಿಡಿದರು. ಬುದ್ಧಿ ಅವರದು, ತೀರ್ಮಾನ ಅವರದು. ಟೆಲಿಫೋನಿನಲ್ಲಿ ಬಂದ ಭಯಕ್ಕೂ, ನಾವೇ ಕೂತು ಮಾಡಿದ ಲೆಕ್ಕಕ್ಕೂ ಇರುವ ವ್ಯತ್ಯಾಸ ಇಷ್ಟೇ. ಇಷ್ಟೇ, ಆದರೆ ಸಣ್ಣದಲ್ಲ.

ಇನ್ನೊಂದು ದಾರಿಯೂ ಇದೆ, ಅದನ್ನು ತೋರಿಸಿದ್ದು ಶರ್ಲಿ ಚಿಸಮ್. 1968ರಲ್ಲಿ ಬ್ರೂಕ್ಲಿನ್ನಿಂದ ಗೆದ್ದು ಅಮೆರಿಕದ ಸಂಸತ್ತಿಗೆ ಹೋದ ಮೊದಲ ಕಪ್ಪು ಹೆಣ್ಣು. 1972ರ ಜನವರಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ತೀನಿ ಅಂದರು. ಬಿಳಿಯರು ನಕ್ಕರು. ಕಪ್ಪು ನಾಯಕರಲ್ಲಿ ಬಹುಪಾಲು ಗಂಡಸರು, ಗೆಲ್ಲದ ಕುದುರೆಗೆ ನಾವ್ಯಾಕೆ ಕಟ್ಟಬೇಕು ಅಂತ ಪಕ್ಕಕ್ಕೆ ಸರಿದರು. ಮಹಾಧಿವೇಶನದಲ್ಲಿ ಆಕೆಗೆ 152 ಪ್ರತಿನಿಧಿಗಳ ಓಟು. ಅವರು ಗೆಲ್ಲುವವನು ಅಂತ ಆರಿಸಿದ ಮೆಕ್‌ಗವರ್ನ್ ನವೆಂಬರಿನಲ್ಲಿ 50ರಲ್ಲಿ 49 ರಾಜ್ಯ ಸೋತರು! ಗೆಲ್ಲುವ ಕುದುರೆ ಹುಡುಕಿದವರಿಗೆ ಗೆಲುವೂ ಸಿಗಲಿಲ್ಲ, ಮಾನವೂ ಸಿಗಲಿಲ್ಲ.

ಅಂಕಿಯೇ ಕಾವಲುಗಾರ

ಈಚೆಗೆ ಸಮೀಕ್ಷೆ ಬರೀ ಸುದ್ದಿಯಾಗಿ ಉಳಿದಿಲ್ಲ, ಬಾಗಿಲ ಬಳಿ ಕೂತಿದೆ. 2020ರ ಪ್ರೈಮರಿಗೆ ಮೊದಲು ಟಿ.ವಿ. ಚರ್ಚೆಗಳ ವೇದಿಕೆ ಹತ್ತಬೇಕಾದರೆ ಸಮೀಕ್ಷೆಯಲ್ಲಿ ಇಷ್ಟು ಶೇಕಡ, ಚಂದಾ ಕೊಟ್ಟವರು ಇಷ್ಟು ಸಾವಿರ ಅಂತ ಪಕ್ಷ ನಿಯಮ ಮಾಡಿತು. 2019ರ ಜೂನಿನಲ್ಲಿ ಶೇಕಡ 1 ಸಾಕಿತ್ತು, ಡಿಸೆಂಬರಿಗೆ 4 ಆಯಿತು, ಜನವರಿಗೆ 5. ಜೂನಿನಲ್ಲಿ ಇಪ್ಪತ್ತು ಜನ ನಿಂತಿದ್ದರು. ಕಪ್ಪು ಜನ ಇದ್ದರು, ಲ್ಯಾಟಿನೋ ಇದ್ದರು, ಏಷ್ಯಾ ಮೂಲದವರಿದ್ದರು. ಕಮಲಾ ಹ್ಯಾರಿಸ್ ದುಡ್ಡಿಲ್ಲದೆ ಡಿಸೆಂಬರ್ 3ರಂದು ಕಣ ಬಿಟ್ಟರು. ಕೋರಿ ಬುಕರ್‌ಗೆ ಅಂಕಿ ಸಾಲದೆ ವೇದಿಕೆ ಸಿಗಲಿಲ್ಲ, ಜನವರಿಯಲ್ಲಿ ಅವರೂ ಹೋದರು. 2020ರ ಜನವರಿ 14ರ ಚರ್ಚೆಯಲ್ಲಿ ಆರು ಜನ. ಆರೂ ಬಿಳಿಯರು. ಇನ್ನೂ ಯಾವ ರಾಜ್ಯದಲ್ಲೂ ಒಂದು ಓಟು ಬಿದ್ದಿರಲಿಲ್ಲ!

ಅದೇ ಫೆಬ್ರವರಿಯಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಅನ್ನುವ ಭಾರಿ ಶ್ರೀಮಂತ ವೇದಿಕೆ ಹತ್ತಿದ. ಆತ ಜನರಿಂದ ಚಂದಾ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಚಂದಾದಾರರ ನಿಯಮದಲ್ಲಿ ಬರುವಂತಿರಲಿಲ್ಲ. ಪಕ್ಷ ಆ ನಿಯಮವನ್ನೇ ಕೈಬಿಟ್ಟಿತು. ಉಳಿದದ್ದು ಸಮೀಕ್ಷೆ. ಸಮೀಕ್ಷೆಯ ಅಂಕಿ ಎಲ್ಲಿಂದ ಬಂತು? ಕೋಟಿಗಟ್ಟಲೆ ಡಾಲರ್ ಸುರಿದು ಕೊಂಡ ಜಾಹೀರಾತಿನಿಂದ. ಕೊನೆಗೆ ಆತ ಗೆದ್ದದ್ದು ಪೆಸಿಫಿಕ್ ಸಮುದ್ರದ ಪುಟ್ಟ ದ್ವೀಪ ಅಮೆರಿಕನ್ ಸಮೋವಾ ಒಂದನ್ನೇ. ಜನ ಓಟಿನಲ್ಲಿ ತೋರಿಸಿದರು. ಆದರೆ ಅಷ್ಟರಲ್ಲಿ ಬುಕರ್ ಮನೆಗೆ ಹೋಗಿಯಾಗಿತ್ತು. ದುಡ್ಡಿದ್ದವನಿಗೆ ಅಂಕಿ ಏಣಿ, ಇಲ್ಲದವನಿಗೆ ಅದೇ ಅಗಳಿ.

ನಮ್ಮಲ್ಲೂ ಒಂದು ಪ್ರೈಮರಿ ಇತ್ತು

ಎಷ್ಟು ಜನಕ್ಕೆ ಗೊತ್ತು ಇದು? 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ಪ್ರೈಮರಿ ಇದೆ. ಪ್ರತ್ಯೇಕ ಮತದಾನದ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ. ಆ ಸ್ಥಾನಗಳಿಗೆ ಎರಡು ಸುತ್ತಿನ ಚುನಾವಣೆ. ಮೊದಲ ಸುತ್ತಿನಲ್ಲಿ ಅಸ್ಪೃಶ್ಯ ಮತದಾರರು ಮಾತ್ರ ಓಟು ಹಾಕಿ ನಾಲ್ವರನ್ನು ಆರಿಸುವುದು. ಎರಡನೆಯ ಸುತ್ತಿನಲ್ಲಿ ಊರಿಗೆ ಊರೇ ಓಟು ಹಾಕಿ ಆ ನಾಲ್ವರಲ್ಲಿ ಒಬ್ಬನನ್ನು ಆರಿಸುವುದು. ಬ್ರಿಟಿಷ್ ಪ್ರಾಂತ್ಯಗಳಿಗೆ ಇದು ಅನ್ವಯಿಸಿತು, ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿಯ ಕಡೆಗೂ, ಮದ್ರಾಸಿನಲ್ಲಿದ್ದ ಬಳ್ಳಾರಿಯ ಕಡೆಗೂ. ಮೈಸೂರು ಸಂಸ್ಥಾನಕ್ಕಲ್ಲ.

ಇದರ ಅರ್ಥ ನೋಡಿ. ಮೊದಲ ಸುತ್ತಿನಲ್ಲಿ ಕೇರಿ ಒಮ್ಮತದಿಂದ ತಲೆ ಮೇಲೆ ಹೊತ್ತವನು ಎರಡನೆಯ ಸುತ್ತಿನಲ್ಲಿ ಸೋಲಬಹುದು. ನಾಲ್ಕನೆಯ ಸ್ಥಾನಕ್ಕೆ ತೆವಳಿಕೊಂಡು ಬಂದವನು, ಊರಿನವರಿಗೆ ಕೈಮುಗಿಯುವವನು, ಗೆಲ್ಲಬಹುದು. ಬಾಬಾಸಾಹೇಬರು ಇದನ್ನೇ ಬೊಟ್ಟು ಮಾಡಿ ತೋರಿಸಿದರು. ಕೇರಿಯ ಮನಸ್ಸು ತಿಳಿಯಬೇಕಾದರೆ ಮೊದಲ ಸುತ್ತು ನೋಡಿ, ಎರಡನೆಯದರಲ್ಲಿ ಕಾಣೋದು ಸವರ್ಣರ ಮನಸ್ಸು ಅಂದರು. ಮೊದಲ ಹತ್ತು ವರ್ಷಕ್ಕೆ ಅಂತ ಇದ್ದ ಆ ಪದ್ಧತಿ 1945–46ರ ಚುನಾವಣೆಯ ನಂತರ ಉಳಿಯಲಿಲ್ಲ. ಈಗ ಮೀಸಲು ಕ್ಷೇತ್ರದಲ್ಲಿ ನಿಲ್ಲುವವನನ್ನು ಆರಿಸಲು ಕೇರಿಗೆ ಅಂತ ಒಂದು ಸುತ್ತು ಇಲ್ಲ.

ಅಮೆರಿಕದ ಕಪ್ಪು ಮತದಾರ 2007ರಲ್ಲಿ ತನ್ನ ತಲೆಯೊಳಗೇ ಈ ಎರಡನೆಯ ಸುತ್ತನ್ನು ಮೊದಲು ನಡೆಸಿಬಿಟ್ಟ. ಊರಿನವರು ಏನಂತಾರೆ ಅನ್ನೋದನ್ನು ಮೊದಲು ಎಣಿಸಿ, ಆಮೇಲೆ ತನಗೇನು ಬೇಕು ಅಂತ ನೋಡಿಕೊಂಡ. ನಮ್ಮಲ್ಲೂ ಇದು ದಿನಾ ನಡೆಯುತ್ತದೆ. ಒಬ್ಬ ಗಟ್ಟಿ ಮನುಷ್ಯ ಮೀಸಲು ಕ್ಷೇತ್ರದಲ್ಲಿ ನಿಂತರೆ ನಮ್ಮವರೇ ಅನ್ನುತ್ತಾರೆ: 'ಒಳ್ಳೆಯವನೇ, ಆದ್ರೆ ಊರಿನವರು ಹಾಕಲ್ಲ.' ಊರಿನವರನ್ನು ಕೇಳಿದವರು ಯಾರು? ಕೇಳುವ ಮೊದಲೇ ಉತ್ತರ ಕೊಡುವ ಅಭ್ಯಾಸ ಸಾವಿರಾರು ವರ್ಷದ್ದು. ಬಾವಿಯ ಹತ್ತಿರ ಹೋಗುವ ಮೊದಲೇ ಕೊಡ ಕೆಳಗಿಡುವ ಅಭ್ಯಾಸ.

ಎಣಿಕೆ ನಮ್ಮ ಶತ್ರು ಅಲ್ಲ

ಹಾಗಂತ ಅಂಕಿಯನ್ನೇ ಸುಡಿ ಅಂತ ಯಾರೂ ಹೇಳುತ್ತಿಲ್ಲ. ಡುಬಾಯ್ಸ್ 1899ರಲ್ಲೇ ಫಿಲಡೆಲ್ಫಿಯಾದ ಕಪ್ಪು ಕೇರಿಯನ್ನು ಮನೆಮನೆಗೆ ಹೋಗಿ ಎಣಿಸಿದ ಪುಸ್ತಕ ತಂದವರು. ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ, 1928ರಲ್ಲಿ ಸೈಮನ್ ಆಯೋಗದ ಮುಂದೆ ಅಂಕಿಸಂಖ್ಯೆ ಹಿಡಿದೇ ನಿಂತರು. ಎಣಿಸದಿದ್ದರೆ ನಾವು ಇಲ್ಲವೇ ಇಲ್ಲ ಅಂದುಬಿಡ್ತಾರೆ. ಅವರಿಬ್ಬರೂ ಎಣಿಸಿದ್ದು ಇರುವುದನ್ನು: ಎಷ್ಟು ಮನೆ, ಎಷ್ಟು ಕೂಲಿ, ಎಷ್ಟು ಶಾಲೆ. ಮುಂಚಿತ ಸಮೀಕ್ಷೆ ಎಣಿಸುವುದು ಇನ್ನೂ ಹುಟ್ಟದ ಮನಸ್ಸನ್ನು.

ಆದ್ದರಿಂದ ಹಾಸ್ಟೆಲ್ ಗೆಳೆಯರೇ, ತಂಗಿಯರೇ, ಯಾರಾದರೂ ನಿಮ್ಮ ಮುಂದೆ ಸಮೀಕ್ಷೆಯ ಪತ್ರಿಕೆ ಹಿಡಿದರೆ, ಅದು ಅಮೆರಿಕದ್ದಾಗಲಿ ನಮ್ಮದಾಗಲಿ, ಇಷ್ಟು ಕೇಳಿ:

1. ಕೇಳಿದ್ದು ಯಾರು, ದುಡ್ಡು ಕೊಟ್ಟದ್ದು ಯಾರು?

2. ಎಷ್ಟು ಜನರನ್ನು ಕೇಳಿದರು? ಅದರಲ್ಲಿ ನಮ್ಮಂಥವರು ಎಷ್ಟು?

3. ಓಟಿಗೆ ಇನ್ನೆಷ್ಟು ದಿನ ಇತ್ತು? ಉಮೇದುವಾರರನ್ನು ಜನ ಕಂಡಿದ್ದರೇ, ಬರೀ ಹೆಸರು ಕೇಳಿದ್ದರೇ?

4. ಪಟ್ಟಿಯಲ್ಲಿ ಯಾರ ಹೆಸರು ಇತ್ತು, ಯಾರದು ಇರಲೇ ಇಲ್ಲ?

5. ನಿನಗೆ ಯಾರು ಬೇಕು ಅಂತ ಕೇಳಿದರೋ, ಯಾರು ಗೆಲ್ತಾರೆ ಅಂತ ಕೇಳಿದರೋ?

ಐದನೆಯ ಪ್ರಶ್ನೆಯನ್ನು ಮರೆಯಬೇಡಿ. ಯಾರು ಗೆಲ್ತಾರೆ ಅನ್ನೋದು ಜೂಜುಕೋರನ ಪ್ರಶ್ನೆ. ಯಾರು ಬೇಕು ಅನ್ನೋದು ಮತದಾರನ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಸಿಕ್ಕ ಮೇಲೆ ಮೊದಲನೆಯದನ್ನೂ ಯೋಚಿಸಿ, ಸೌತ್ ಕೆರೊಲಿನಾದ ತಾಯಂದಿರ ಹಾಗೆ ಕೂತು ಲೆಕ್ಕ ಹಾಕಿ, ಬೇಕಾದರೆ ರಾಜಿ ಮಾಡಿಕೊಳ್ಳಿ. ರಾಜಿಯೂ ರಾಜಕೀಯವೇ. ಆದರೆ ತನಗೇನು ಬೇಕು ಅಂತಲೇ ಗೊತ್ತಿಲ್ಲದವನು ಮಾಡಿಕೊಳ್ಳೋದು ರಾಜಿಯಲ್ಲ, ಶರಣಾಗತಿ.

2028ರ ಎತ್ತುಗಳು ಕೊಟ್ಟಿಗೆಯಲ್ಲಿವೆ. ಬಾಲ ಹಿಡಿಯುವವರು ಹಿಡಿಯಲಿ. ನಾವು ನೊಗ ನೋಡೋಣ, ಗೊರಸು ನೋಡೋಣ, ಉಳುವುದು ಯಾರ ಹೊಲವನ್ನು ಅಂತ ಕೇಳೋಣ.